ಎನ್‌ಬಿಎ ಬಾಗಿಲು ಹಾಕಿದಾಗ ಅಭಿಮಾನಿಗಳಿಗೆ ಏನನ್ನಿಸಿತು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಬೆಳಿಗ್ಗೆ ಆರಕ್ಕೇ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಚಟ. 2025ರ ಜುಲೈಯಲ್ಲಿ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ಆಟಗಾರ್ತಿಯರು ಆಲ್‌ಸ್ಟಾರ್ ಪಂದ್ಯಕ್ಕೆ ಮುಂಚೆ ಸಂಬಳದ ಬೇಡಿಕೆ ಬರೆದ ಕಪ್ಪು ಅಂಗಿ ತೊಟ್ಟು ಕೋರ್ಟಿಗೆ ಇಳಿದಿದ್ದನ್ನು ನೋಡಿದೆ. ಅಲ್ಲಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. 1998ರಲ್ಲೂ 2011ರಲ್ಲೂ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಎನ್‌ಬಿಎ ತಿಂಗಳುಗಟ್ಟಲೆ ನಿಂತಿತ್ತಂತೆ. ಆಗ ಅಲ್ಲಿನ ಅಭಿಮಾನಿಗಳು ನಿಜಕ್ಕೂ ಚಡಪಡಿಸಿದರೇ? ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪ, ‘2011ರಲ್ಲಿ ಆಟ ನಿಂತದ್ದು ಇಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ’ ಎನ್ನುತ್ತಾರೆ. ಹೌದೇ?

ಉತ್ತರ: ನಿಮ್ಮ ಚಿಕ್ಕಪ್ಪ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಯಾವ ಕಿಟಕಿಯಿಂದ ನೋಡಿದರು ಅನ್ನುವುದನ್ನು ಮೊದಲು ಗಮನಿಸಬೇಕು. ಆಗ ನ್ಯೂಜೆರ್ಸಿಯ ತಂಡ ನೆಟ್ಸ್. 2009-10ರ ಋತುವಿನಲ್ಲಿ ಅದು 82 ಪಂದ್ಯ ಆಡಿ ಗೆದ್ದದ್ದು 12. ಮರುವರ್ಷ 24. ತಂಡ ಬ್ರೂಕ್ಲಿನ್‌ಗೆ ಹೊರಡುವುದು ನಿಶ್ಚಯವಾಗಿತ್ತು; ಅಲ್ಲಿ ಹೊಸ ಕ್ರೀಡಾಂಗಣ ಏಳುತ್ತಿತ್ತು. ಅಷ್ಟರತನಕ ನೂವರ್ಕ್‌ನಲ್ಲಿ, ಐಸ್ ಹಾಕಿ ತಂಡದ ಮನೆಯಂಗಳದಲ್ಲಿ, ಎರಡು ವರ್ಷದ ವಾಸ. ಗಂಟುಮೂಟೆ ಕಟ್ಟಿಟ್ಟುಕೊಂಡ ಬಾಡಿಗೆಯವರು ನಾಲ್ಕು ದಿನ ಕಾಣಿಸದಿದ್ದರೆ ಓಣಿಯವರು ಹುಡುಕಿಕೊಂಡು ಹೋಗುವುದಿಲ್ಲ. ಇದೇ ಪ್ರಶ್ನೆಯನ್ನು ಆ ವರ್ಷ ಪೋರ್ಟ್‌ಲ್ಯಾಂಡಿನಲ್ಲೋ ಸಾಲ್ಟ್ ಲೇಕ್ ಸಿಟಿಯಲ್ಲೋ ಒಕ್ಲಹೋಮ ಸಿಟಿಯಲ್ಲೋ ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ಫುಟ್‌ಬಾಲ್, ಬೇಸ್‌ಬಾಲ್, ಹಾಕಿ, ಬಾಸ್ಕೆಟ್‌ಬಾಲ್ ಎಂಬ ನಾಲ್ಕು ದೊಡ್ಡ ಲೀಗುಗಳಲ್ಲಿ ಆ ಊರುಗಳ ಪಾಲಿಗೆ ಇದ್ದದ್ದು ಒಂದೇ ತಂಡ, ಅದೂ ಬಾಸ್ಕೆಟ್‌ಬಾಲಿನದು. ಚಳಿಗಾಲದ ಸಂಜೆಗೆ ಬೇರೆ ಗತಿ ಇರಲಿಲ್ಲ.

ಹಾಗಾಗಿ ನನ್ನ ಉತ್ತರ ಹೀಗೆ: ಕೊರತೆ ಅನ್ನಿಸಿದ್ದು ಹೌದು. ಆದರೆ ಅಭಿಮಾನಿಗಳು ಬಾಯಲ್ಲಿ ಹೇಳಿಕೊಂಡಷ್ಟು ಅಲ್ಲ, ನಾವು ಊಹಿಸುವ ಹೊತ್ತಿನಲ್ಲೂ ಅಲ್ಲ.

ಮೊದಲು ಒಂದು ಪದದ ವಿಚಾರ. ಇದನ್ನು ‘ಆಟಗಾರರ ಮುಷ್ಕರ’ ಎಂದು ಬರೆಯುವವರಿದ್ದಾರೆ. ತಪ್ಪು. ಎರಡೂ ಸಲ ಆದದ್ದು ಲಾಕೌಟ್. ಗಿರಣಿ, ಕಾರ್ಖಾನೆಗಳ ದಿನ ಕಂಡ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಯ ಹಿರಿಯರಿಗೆ ಇವೆರಡರ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಕೆಲಸಗಾರ ಒಳಗೆ ಹೋಗಲ್ಲ ಎಂದರೆ ಮುಷ್ಕರ. ಮಾಲೀಕ ಗೇಟಿಗೆ ಬೀಗ ಹಾಕಿ ‘ನನ್ನ ಷರತ್ತಿಗೆ ಒಪ್ಪಿದ ಮೇಲೆ ಬಾ’ ಎಂದರೆ ಲಾಕೌಟ್. ಎನ್‌ಬಿಎಯಲ್ಲಿ ಹಳೆಯ ಒಪ್ಪಂದ ಮುಗಿಯುವುದು ಜೂನ್ 30ಕ್ಕೆ. ಜುಲೈ 1ರಂದು ಮಾಲೀಕರು ಬೀಗ ಹಾಕಿದರು. ಅವತ್ತಿನಿಂದ ಆಟಗಾರ ತನ್ನದೇ ತಂಡದ ಅಭ್ಯಾಸದಂಗಳಕ್ಕೆ ಕಾಲಿಡುವಂತಿಲ್ಲ, ತರಬೇತುದಾರ ಅವನಿಗೆ ಫೋನ್ ಮಾಡುವಂತಿಲ್ಲ. 2011ರಲ್ಲಂತೂ ಲೀಗಿನ ಮತ್ತು ತಂಡಗಳ ಅಂತರ್ಜಾಲ ತಾಣಗಳಿಂದ ಆಗ ಆಡುತ್ತಿದ್ದ ಆಟಗಾರರ ಚಿತ್ರಗಳನ್ನೆಲ್ಲ ರಾತ್ರೋರಾತ್ರಿ ತೆಗೆದುಹಾಕಿದರು. ಲೆಬ್ರಾನ್ ಜೇಮ್ಸ್, ಕೋಬಿ ಬ್ರಯಂಟ್ ಎಂಬವರು ಹುಟ್ಟಿಯೇ ಇರಲಿಲ್ಲವೇನೋ ಎಂಬಂತೆ!

ನಮ್ಮ ಓದುಗರಿಗೆ ಇದು ವಿಚಿತ್ರವಾಗಿ ಕಾಣುವುದಕ್ಕೂ ಕಾರಣವಿದೆ. ನಮ್ಮಲ್ಲಿ ಇನ್ನೂ ಆಡುತ್ತಿರುವ ಕ್ರಿಕೆಟಿಗರಿಗೆ ಸಂಘವೇ ಇಲ್ಲ. 2019ರಲ್ಲಿ ಶುರುವಾದದ್ದು ನಿವೃತ್ತರ ಸಂಘ. ಸಂಘವಿಲ್ಲದ ಕಡೆ ಚೌಕಾಸಿ ಇಲ್ಲ, ಚೌಕಾಸಿ ಇಲ್ಲದ ಕಡೆ ಲಾಕೌಟೂ ಇಲ್ಲ. ಆಟ ನಿಲ್ಲದೆ ನಡೆಯುತ್ತದೆ, ಹೌದು. ಅದಕ್ಕೆ ಯಾರು ಏನು ಬೆಲೆ ತೆರುತ್ತಿದ್ದಾರೆ ಅನ್ನುವುದು ಬೇರೆಯೇ ಚರ್ಚೆ.

ಈಗ ಘಟನೆಗಳಿಗೆ ಬರೋಣ. ಜಗಳವಾಡಿದರೂ ಪಂದ್ಯ ಮಾತ್ರ ಕಳೆದುಕೊಂಡಿಲ್ಲ ಎಂಬ ಹೆಗ್ಗಳಿಕೆ 1998ರ ತನಕ ಎನ್‌ಬಿಎಗೆ ಇತ್ತು. ಆ ವರ್ಷ ಅದೂ ಹೋಯಿತು. ಹಿಂದಿನ ವರ್ಷ ಮಿನೆಸೋಟದ ತಂಡ 21 ವರ್ಷದ ಕೆವಿನ್ ಗಾರ್ನೆಟ್‌ಗೆ ಆರು ವರ್ಷಕ್ಕೆ 12.6 ಕೋಟಿ ಡಾಲರ್ ಒಪ್ಪಿಕೊಂಡಿತ್ತು. ಮಾಲೀಕರಿಗೆ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವ ನಿಯಮ ಬೇಕಾಯಿತು: ಒಬ್ಬ ಆಟಗಾರನಿಗೆ ಇಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿ. ಕಮಿಷನರ್ ಡೇವಿಡ್ ಸ್ಟರ್ನ್ ಒಂದು ಕಡೆ, ಸಂಘದ ಬಿಲ್ಲಿ ಹಂಟರ್ ಮತ್ತು ಅಧ್ಯಕ್ಷ ಪ್ಯಾಟ್ರಿಕ್ ಯೂಯಿಂಗ್ ಇನ್ನೊಂದು ಕಡೆ. ಋತುವೇ ರದ್ದಾಗುವ ಗಡುವಿನ ಹಿಂದಿನ ದಿನ, 1999ರ ಜನವರಿ 6ರಂದು, ಒಪ್ಪಂದವಾಯಿತು. 82ರ ಜಾಗದಲ್ಲಿ 50 ಪಂದ್ಯ, ಆರಂಭ ಫೆಬ್ರುವರಿ 5ಕ್ಕೆ.

2011ರ ಜಗಳ ಇನ್ನೂ ನೇರ, ಪಾಲಿನ ಲೆಕ್ಕ. ಬಾಸ್ಕೆಟ್‌ಬಾಲಿನಿಂದ ಬರುವ ಆದಾಯ ವರ್ಷಕ್ಕೆ ಸುಮಾರು 400 ಕೋಟಿ ಡಾಲರ್. ಅದರಲ್ಲಿ ಆಟಗಾರರಿಗೆ ಶೇಕಡ 57 ಹೋಗುತ್ತಿತ್ತು. ಅರ್ಧಕ್ಕರ್ಧ ಮಾಡಿ ಎಂದರು ಮಾಲೀಕರು. 30 ತಂಡಗಳಲ್ಲಿ 22 ನಷ್ಟದಲ್ಲಿವೆ ಎಂಬುದು ಅವರ ವಾದ. ನವೆಂಬರ್ 26ರ ನಸುಕಿನಲ್ಲಿ ನ್ಯೂಯಾರ್ಕಿನಲ್ಲಿ ರಾಜಿಯಾದಾಗ ಆಟಗಾರರ ಪಾಲು 49ರಿಂದ 51ರ ನಡುವೆ ನಿಂತಿತು. ಡಿಸೆಂಬರ್ 25ಕ್ಕೆ ಆಟ ಶುರು, 66 ಪಂದ್ಯ.

ಈ ತಾರೀಕನ್ನು ಗಮನಿಸಿ. ಕ್ರಿಸ್‌ಮಸ್. ನನ್ನ ವಾದ ನಿಂತಿರುವುದೇ ಇದರ ಮೇಲೆ.

ಎನ್‌ಬಿಎ ಋತು ಶುರುವಾಗುವುದು ಅಕ್ಟೋಬರ್ ಕೊನೆಗೆ. ಆ ಹೊತ್ತಿನಲ್ಲಿ ಅಮೆರಿಕದವರ ವಾರ ಹೇಗಿರುತ್ತದೆ ನೋಡಿ. ಶುಕ್ರವಾರ ಹೈಸ್ಕೂಲ್ ಫುಟ್‌ಬಾಲ್, ಶನಿವಾರ ಕಾಲೇಜು ಫುಟ್‌ಬಾಲ್, ಭಾನುವಾರವೂ ಸೋಮವಾರವೂ ವೃತ್ತಿಪರ ಫುಟ್‌ಬಾಲ್. (ಅವರ ಫುಟ್‌ಬಾಲ್, ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವುದು.) ನವೆಂಬರಿನಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಬೇರೆ ಶುರುವಾಗುತ್ತದೆ. 2011ರ ನವೆಂಬರ್ 11ರಂದು ಸ್ಯಾನ್ ಡಿಯಾಗೋದಲ್ಲಿ ಕಾರ್ಲ್ ವಿನ್ಸನ್ ಎಂಬ ವಿಮಾನವಾಹಕ ಯುದ್ಧನೌಕೆಯ ಮೇಲೆ ನಾರ್ತ್ ಕ್ಯಾರೊಲೈನಾ ಮತ್ತು ಮಿಷಿಗನ್ ಸ್ಟೇಟ್ ಕಾಲೇಜು ತಂಡಗಳು ಆಡಿದವು. ನೋಡಲು ಅಧ್ಯಕ್ಷ ಒಬಾಮ ಬಂದಿದ್ದರು. ಬಾಸ್ಕೆಟ್‌ಬಾಲ್ ಬೇಕು ಅನ್ನುವವನಿಗೆ ಬಾಸ್ಕೆಟ್‌ಬಾಲ್ ಇತ್ತು. ಇಲ್ಲದಿದ್ದದ್ದು ಎನ್‌ಬಿಎ ಮಾತ್ರ. ಮಾಮೂಲು ವರ್ಷದಲ್ಲೂ ನವೆಂಬರಿನ ಎನ್‌ಬಿಎ ಪಂದ್ಯವೆಂದರೆ ಮದುವೆಮನೆಗೆ ಬೆಳಿಗ್ಗೆ ಏಳಕ್ಕೇ ಬಂದು ಕುಳಿತ ನೆಂಟ. ಬಂದಿದ್ದಾನೆ ಎಂದು ಗೊತ್ತು, ಮಾತನಾಡಿಸಲು ಯಾರಿಗೂ ಪುರುಸೊತ್ತಿಲ್ಲ. ನಿಮ್ಮ ಚಿಕ್ಕಪ್ಪನವರಿಗೆ ಗೊತ್ತಾಗದೇ ಹೋದದ್ದು ಈ ಏಳೆಂಟು ವಾರ. ಅಷ್ಟರ ಮಟ್ಟಿಗೆ ಅವರ ಮಾತು ಸರಿ.

ಆದರೆ ಕ್ರಿಸ್‌ಮಸ್ ದಿನ ಎನ್‌ಬಿಎಯದು. ಮನೆಮಂದಿ ಸೇರಿರುತ್ತಾರೆ, ಊಟವಾಗಿರುತ್ತದೆ, ಟಿವಿ ಹಾಕಿದರೆ ಬಾಸ್ಕೆಟ್‌ಬಾಲ್ ಇರಬೇಕು. ನಮಗೆ ದೀಪಾವಳಿಯ ವಿಶೇಷಾಂಕ ಇದ್ದಂತೆ ಅವರಿಗೆ ಅದು. ಎಲ್ಲ ಪುಟ ಓದದಿದ್ದರೂ ಮನೆಯಲ್ಲಿ ಇಲ್ಲದಿದ್ದರೆ ಹಬ್ಬ ಅರೆಬರೆ. ಎರಡೂ ಕಡೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನವೆಂಬರ್ ಕೊನೆಯಲ್ಲಿ, ಸರಿಯಾಗಿ ತಿಂಗಳು ಬಾಕಿ ಇರುವಾಗ, ಹಟ ಸಡಿಲವಾಯಿತು. ಮೊದಲ ದಿನವೇ ಐದು ಪಂದ್ಯ: ನ್ಯೂಯಾರ್ಕ್–ಬಾಸ್ಟನ್, ಡಲ್ಲಾಸ್–ಮಯಾಮಿ, ಲಾಸ್ ಏಂಜಲೀಸ್ ಲೇಕರ್ಸ್–ಷಿಕಾಗೊ, ಹೀಗೆ. ಅಭಿಮಾನಿ ‘ಎಲ್ಲಿ ನನ್ನ ಆಟ?’ ಎಂದು ಕೇಳಬೇಕಾಗಿದ್ದ ದಿನವೇ ಆಟ ಬಂದು ಬಾಗಿಲಲ್ಲಿ ನಿಂತಿತು. ಆ ಪ್ರಶ್ನೆ ಬಾಯಿಗೆ ಬರಲೇ ಇಲ್ಲ.

ಇದು ಬರೀ ನನ್ನ ಅನಿಸಿಕೆಯೇ ಎಂದು ಕೇಳಬಹುದು. ಅಂಕಿಗಳನ್ನು ನೋಡೋಣ. ಎಲ್ಲರೂ ಎಡವುವುದು ಇಲ್ಲೇ.

1998ರ ಲಾಕೌಟಿನಿಂದ ಅಭಿಮಾನಿಗಳು ಮುನಿಸಿಕೊಂಡು ದೂರವಾದರು ಎನ್ನುವವರು ಒಂದು ಲೆಕ್ಕ ಮುಂದಿಡುತ್ತಾರೆ. 1998ರ ಫೈನಲ್ಸ್ ಸರಣಿಯನ್ನು ಅಮೆರಿಕದಲ್ಲಿ ಸರಾಸರಿ 2.9 ಕೋಟಿ ಜನ ನೋಡಿದರು. 1999ರಲ್ಲಿ 1.6 ಕೋಟಿ. ಹೆಚ್ಚುಕಡಿಮೆ ಅರ್ಧ! ಆದರೆ ಆ ಎರಡು ಸರಣಿಗಳ ನಡುವೆ ಲಾಕೌಟಿನ ಜೊತೆಗೆ ಇನ್ನೊಂದು ಸಂಗತಿಯೂ ನಡೆದಿತ್ತು. ಒಪ್ಪಂದವಾದ ಒಂದು ವಾರಕ್ಕೆ, ಜನವರಿ 13ರಂದು, ಆ ಕಾಲದ ಅತಿದೊಡ್ಡ ತಾರೆ ಮೈಕೆಲ್ ಜೋರ್ಡನ್ ನಿವೃತ್ತಿ ಹೇಳಿದ. ಹಾಗಾದರೆ ಜನ ಬಿಟ್ಟುಹೋದದ್ದು ಲಾಕೌಟಿಗೋ ಜೋರ್ಡನ್‌ಗೋ? ಪ್ರಯೋಗಶಾಲೆಯಲ್ಲಿ ಇದನ್ನು ಬೇರ್ಪಡಿಸಲಾಗದು. ಆದರೆ ಚರಿತ್ರೆ ನಮಗೊಂದು ಉಪಕಾರ ಮಾಡಿದೆ. ಜೋರ್ಡನ್ ಇನ್ನೊಮ್ಮೆ, 1993ರಲ್ಲಿ, ಯಾವ ಲಾಕೌಟೂ ಇಲ್ಲದಾಗ ಆಟ ಬಿಟ್ಟು ಬೇಸ್‌ಬಾಲಿಗೆ ಹೋಗಿದ್ದ. ಆ ವರ್ಷದ ಫೈನಲ್ಸ್ ನೋಡಿದವರು 2.7 ಕೋಟಿ, ಅವನಿಲ್ಲದ 1994ರಲ್ಲಿ 1.7 ಕೋಟಿ. ಒಂದೂ ಪಂದ್ಯ ರದ್ದಾಗದೆ ಒಂದು ಕೋಟಿ ಜನ ಎದ್ದುಹೋಗಿದ್ದರು. 1999ರಲ್ಲಿ ಎದ್ದುಹೋದವರೂ ಬಹುಪಾಲು ಅವರೇ ಎಂದು ನನ್ನ ತೀರ್ಮಾನ.

2011ಕ್ಕೆ ಬಂದರೆ ಗೊಂದಲವೇ ಇಲ್ಲ, ಯಾಕೆಂದರೆ ಆಗ ಯಾವ ಜೋರ್ಡನ್ನೂ ಹೊರಟುಹೋಗಲಿಲ್ಲ. ಲಾಕೌಟಿಗೆ ಮುಂಚಿನ ಫೈನಲ್ಸ್ ನೋಡಿದವರು 1.73 ಕೋಟಿ, ನಂತರದ್ದನ್ನು ನೋಡಿದವರು ಸುಮಾರು 1.69 ಕೋಟಿ. ಕ್ರೀಡಾಂಗಣಕ್ಕೆ ಬಂದವರ ಸರಾಸರಿಯೂ ಅಷ್ಟೆ: ಎರಡೂ ವರ್ಷ ಪಂದ್ಯಕ್ಕೆ 17,300ರ ಆಸುಪಾಸು. ‘ಇನ್ನು ಮೇಲೆ ಇವರ ಆಟ ನೋಡಿದರೆ ಕೇಳಿ’ ಎಂದು ಶಪಥ ಮಾಡಿದ್ದವರೂ ಆ ಗುಂಪಿನಲ್ಲಿ ಇದ್ದಿರಲೇಬೇಕು.

ಇದು ಬಾಸ್ಕೆಟ್‌ಬಾಲಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಮಾರ್ಟಿನ್ ಶ್ಮಿಟ್ ಮತ್ತು ಡೇವಿಡ್ ಬೆರಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ದೊಡ್ಡ ಲೀಗುಗಳ ಮುಷ್ಕರ, ಲಾಕೌಟುಗಳನ್ನು ಜೋಡಿಸಿಕೊಂಡು, ಜನ ಮರಳಿ ಬಂದರೋ ಇಲ್ಲವೋ ಎಂದು ಲೆಕ್ಕ ಹಾಕಿದರು. 2004ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂದ ಅವರ ಲೇಖನದ ಸಾರ: ಶಾಶ್ವತ ಪೆಟ್ಟು ಯಾವುದಕ್ಕೂ ಬಿದ್ದಿಲ್ಲ. ಅದೇ ವರ್ಷ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಇಡೀ ಋತುವನ್ನೇ ನುಂಗಿಹಾಕಿತು. 1919ರ ನಂತರ ಮೊದಲ ಸಲ ಅದರ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಯಾರಿಗೂ ಸಿಗಲಿಲ್ಲ. ಇನ್ನು ಕಥೆ ಮುಗಿಯಿತು ಎಂದವರು ಎಷ್ಟೋ ಜನ. 2005-06ರಲ್ಲಿ ಬಾಗಿಲು ತೆಗೆದಾಗ ಬಂದ ಪ್ರೇಕ್ಷಕರು ಮುಂಚಿಗಿಂತ ಹೆಚ್ಚು!

ಒಂದು ಅಪವಾದ ಇದೆ, ಅದನ್ನು ಮುಚ್ಚಿಡಬಾರದು. ಬೇಸ್‌ಬಾಲ್. 1994ರ ಆಗಸ್ಟ್ 12ರಂದು ಆಟಗಾರರು ಮುಷ್ಕರ ಹೂಡಿದರು. ಪ್ರಶಸ್ತಿ ನಿರ್ಧರಿಸುವ ಆ ವರ್ಷದ ವರ್ಲ್ಡ್ ಸೀರೀಸೇ ರದ್ದಾಯಿತು. ಮರುವರ್ಷ ಪಂದ್ಯಕ್ಕೆ ಬರುವವರ ಸರಾಸರಿ 31,000ದಿಂದ 25,000ಕ್ಕೆ ಇಳಿಯಿತು. ಐದರಲ್ಲಿ ಒಬ್ಬ ಬರಲಿಲ್ಲ. ಹಳೆಯ ಸರಾಸರಿ ಮುಟ್ಟಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಬಾಸ್ಕೆಟ್‌ಬಾಲ್, ಹಾಕಿಗಳನ್ನು ಕ್ಷಮಿಸಿದ ಜನ ಬೇಸ್‌ಬಾಲನ್ನು ಯಾಕೆ ಕ್ಷಮಿಸಲಿಲ್ಲ?

ಬಯಲಾಟ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ‘ಈ ಸಲ ಮೇಳ ನಮ್ಮೂರಿಗೆ ತಿಂಗಳು ತಡವಾಗಿ ಬರುತ್ತದೆ’ ಎಂದರೆ ಜನ ಗೊಣಗುತ್ತಾರೆ, ಬಂದಾಗ ಚಾಪೆ ಹಿಡಿದು ಹೋಗುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ, ಗದಾಪರ್ವದ ದುರ್ಯೋಧನ ಇನ್ನೂ ಕೊಳದಲ್ಲೇ ಇರುವಾಗ, ಭಾಗವತರು ತಾಳ ಕೆಳಗಿಟ್ಟು ‘ಸಂಭಾವನೆ ಬಗೆಹರಿಯಲಿಲ್ಲ’ ಎಂದು ಎದ್ದುಹೋದರೆ? ಆ ಮೇಳವನ್ನು ಊರು ಬಹಳ ದಿನ ಮರೆಯುವುದಿಲ್ಲ. 1994ರ ಆಗಸ್ಟಿನಲ್ಲಿ ಬೇಸ್‌ಬಾಲ್ ಅಂಥ ಗಳಿಗೆಯಲ್ಲಿತ್ತು. ಮಾಂಟ್ರಿಯಲ್ ತಂಡ 74 ಗೆಲುವು 40 ಸೋಲಿನೊಂದಿಗೆ ಇಡೀ ಲೀಗಿಗೇ ಮುಂದಿತ್ತು. ಟೋನಿ ಗ್ವಿನ್ ಎಂಬ ಆಟಗಾರ .394 ಬ್ಯಾಟಿಂಗ್ ಸರಾಸರಿಯಲ್ಲಿ ಬೀಸುತ್ತಿದ್ದ; .400 ಎಂಬುದು 1941ರ ನಂತರ ಯಾರೂ ಮುಟ್ಟದ ಗೆರೆ. ಎಲ್ಲ ಅಲ್ಲಿಗೇ ನಿಂತಿತು. ಮಾಂಟ್ರಿಯಲ್ ಆ ಮೇಲೆ ಚೇತರಿಸಿಕೊಳ್ಳಲೇ ಇಲ್ಲ. 2004ರ ನಂತರ ತಂಡವೇ ವಾಷಿಂಗ್ಟನ್‌ಗೆ ಹೋಯಿತು. ಎನ್‌ಬಿಎ ಲಾಕೌಟುಗಳು ಜುಲೈಯಲ್ಲಿ, ವೇಷ ಕಟ್ಟುವ ಮೊದಲೇ ಶುರುವಾದವು. ಯಾರ ಕಥೆಯೂ ಅರ್ಧಕ್ಕೆ ತುಂಡಾಗಲಿಲ್ಲ.

ಹಾಗಂತ ಅಭಿಮಾನಿಗಳು ಆ ತಿಂಗಳುಗಳಲ್ಲಿ ಕೈಕಟ್ಟಿ ಕುಳಿತಿದ್ದರು ಎಂದಲ್ಲ. 2011ರ ಬೇಸಿಗೆ ನನಗೆ ವೈಯಕ್ತಿಕವಾಗಿ ತುಂಬ ಪ್ರಿಯವಾದದ್ದು. ಬೆಂಗಳೂರಿನ ಕ್ಲಬ್ ಕೋರ್ಟುಗಳಲ್ಲಿ, ಸಿಮೆಂಟು ನೆಲದ ಮೇಲೆ ಮೊಣಕಾಲು ತರಚಿಕೊಂಡು ಆಡಿದವನು ನಾನು. ದೊಡ್ಡ ಆಟಗಾರರು ಬೀದಿಯ ಕೋರ್ಟಿಗೆ ಇಳಿದರೆ ನನ್ನಂಥವರಿಗೆ ಹಬ್ಬ. ಆಗಸ್ಟ್ 1ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ರಕ್ಕರ್ ಪಾರ್ಕಿನಲ್ಲಿ ಕೆವಿನ್ ಡುರಾಂಟ್ 66 ಅಂಕ ಹೊಡೆದ. ಬಯಲು ಕೋರ್ಟ್, ತಂತಿಬೇಲಿ, ಅದರ ಸುತ್ತ ಕಿಕ್ಕಿರಿದ ಜನ. ಒಂದರ ಮೇಲೊಂದು ಮೂರು ಅಂಕದ ಹೊಡೆತ ಬೀಳುತ್ತಿದ್ದಂತೆ ಜನ ಕೋರ್ಟಿನೊಳಕ್ಕೇ ನುಗ್ಗಿ ಅವನನ್ನು ಮುತ್ತಿಕೊಂಡರು. ಲಾಸ್ ಏಂಜಲೀಸಿನ ಡ್ರೂ ಲೀಗ್, ವಾಷಿಂಗ್ಟನ್‌ನ ಗುಡ್‌ಮನ್ ಲೀಗ್ ಎಂಬ ಬೇಸಿಗೆ ಪಂದ್ಯಾವಳಿಗಳು ಹಠಾತ್ತನೆ ರಾಷ್ಟ್ರೀಯ ಸುದ್ದಿಯಾದವು. ಆ ಬೇಸಿಗೆಯಲ್ಲಿ ಬಾಸ್ಕೆಟ್‌ಬಾಲ್ ಎಂಬ ಆಟದ ಅಭಿಮಾನಿಗಳಿಗೆ ಏನೂ ಕೊರತೆಯಾಗಲಿಲ್ಲ. ಎನ್‌ಬಿಎ ಎಂಬ ಕಂಪನಿಯ ಗ್ರಾಹಕರಿಗೆ ಆಗಿರಬಹುದು. ಇವರಿಬ್ಬರೂ ಒಂದೇ ಅಲ್ಲ ಎಂಬುದು ಲಾಕೌಟ್ ಆದಾಗಲೇ ಕಣ್ಣಿಗೆ ಬೀಳುವುದು.

ಇನ್ನು ಕೆಲವು ಊರುಗಳಿಗೆ ಈ ಜಗಳದಿಂದ ಲಾಭವೇ ಆಯಿತು. ನಿಮ್ಮ ಚಿಕ್ಕಪ್ಪನವರ ನೆಟ್ಸ್ ತಂಡದ ದೊಡ್ಡ ಆಟಗಾರ ಡೆರನ್ ವಿಲಿಯಮ್ಸ್ ಇಸ್ತಾಂಬುಲ್‌ಗೆ ಹೋಗಿ ಬೆಶಿಕ್ತಾಶ್ ಪರ ಆಡಿದ. ಒಂದು ಋತುವನ್ನೂ ಪೂರೈಸದ ಅವನ ಗೌರವಕ್ಕೆ ಅವನ ಅಂಗಿಯ ಸಂಖ್ಯೆಯನ್ನೇ ಕ್ಲಬ್ಬು ನಿವೃತ್ತಿಗೊಳಿಸಿತು. ಟೋನಿ ಪಾರ್ಕರ್ ಫ್ರಾನ್ಸಿಗೆ ಮರಳಿ, ತಾನೇ ಪಾಲುದಾರನಾಗಿದ್ದ ಅಸ್ವೆಲ್ ತಂಡಕ್ಕೆ ನಾಮಮಾತ್ರ ಸಂಬಳಕ್ಕೆ ಆಡಿದ. ಚೀನಾಕ್ಕೆ ಹೋದವರ ಪಾಡು ನಗೆಪಾಟಲು: ಮಧ್ಯದಲ್ಲಿ ಬಿಟ್ಟುಬರುವ ಷರತ್ತಿಗೆ ಅಲ್ಲಿನ ಲೀಗ್ ಒಪ್ಪಿರಲಿಲ್ಲ. ಲಾಕೌಟ್ ಮುಗಿದರೂ ಜೆ.ಆರ್. ಸ್ಮಿತ್, ಕೆನ್ಯಾನ್ ಮಾರ್ಟಿನ್, ವಿಲ್ಸನ್ ಚಾಂಡ್ಲರ್ ಮೂವರಿಗೂ ಕೂಡಲೇ ಎನ್‌ಬಿಎಗೆ ಮರಳಲಾಗಲಿಲ್ಲ.

ನಿಜವಾಗಿ ನಷ್ಟವಾದದ್ದು ಯಾರಿಗೆ? ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕೇಡು ಎನ್ನುತ್ತಾರೆ. ಇಲ್ಲಿ ಗಿಡ ಅಭಿಮಾನಿಯಲ್ಲ. 82 ಪಂದ್ಯದ ಋತುವಿನಲ್ಲಿ ಪ್ರತಿ ತಂಡವೂ ತನ್ನೂರಲ್ಲಿ 41 ರಾತ್ರಿ ಆಡುತ್ತದೆ. 2011-12ರಲ್ಲಿ ಅದು 33ಕ್ಕೆ ಇಳಿಯಿತು, 1999ರಲ್ಲಿ 25ಕ್ಕೆ. ಟಿಕೆಟ್ ಹರಿಯುವವರು, ಪಾಪ್‌ಕಾರ್ನ್ ಮಾರುವವರು, ಪಾರ್ಕಿಂಗಿನಲ್ಲಿ ಚಳಿಗೆ ನಿಂತು ಕೈಬೀಸುವವರು, ಮರುದಿನ ಕಸ ಗುಡಿಸುವವರು, ಎಲ್ಲ ರಾತ್ರಿಗಿಷ್ಟು ಎಂದು ಕೂಲಿ ಪಡೆಯುವವರು. ಡೆನಿಸ್ ಕೋಟ್ಸ್ ಮತ್ತು ಬ್ರಾಡ್ ಹಂಫ್ರೀಸ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು, ಇಂಥ ಜಗಳಗಳಿಂದ ಇಡೀ ನಗರದ ಆದಾಯವೇನೂ ಕುಸಿಯುವುದಿಲ್ಲ ಎಂದು ತೋರಿಸಿದ್ದಾರೆ. ಪಂದ್ಯಕ್ಕೆ ಹೋಗದವನು ಸಿನಿಮಾಕ್ಕೋ ಹೋಟೆಲಿಗೋ ಹೋಗುತ್ತಾನೆ, ಹಣ ಊರಲ್ಲೇ ಉಳಿಯುತ್ತದೆ. ನಿಜ. ಆದರೆ ಪಾಪ್‌ಕಾರ್ನ್ ಮಾರುವಾಕೆಯ ಕೈಗೆ ಬರಬೇಕಾಗಿದ್ದ ಕಾಸು ಹೋಟೆಲಿನವನ ಗಲ್ಲಾಕ್ಕೆ ಹೋಯಿತು ಎಂಬುದು ನಗರದ ಒಟ್ಟು ಮೊತ್ತದಲ್ಲಿ ಕಾಣಿಸುವುದಿಲ್ಲ.

ಅಭಿಮಾನಿ ತೆತ್ತ ಬೆಲೆ ಬೇರೆ ಬಗೆಯದು, ಮತ್ತು ಅದನ್ನು ಅವನು ತೆತ್ತದ್ದು ಆಟ ಇಲ್ಲದಾಗ ಅಲ್ಲ, ಮರಳಿ ಬಂದ ಮೇಲೆ. ಕಳೆದುಹೋದ ದಿನಗಳನ್ನು ತುಂಬಿಕೊಳ್ಳಲು ಪಂದ್ಯಗಳನ್ನು ಅವಲಕ್ಕಿ ಒತ್ತಿದ ಹಾಗೆ ಒತ್ತಿದರು. 1999ರಲ್ಲಿ ಮೂರು ತಿಂಗಳಲ್ಲಿ 50 ಪಂದ್ಯ. ಮೂರು ರಾತ್ರಿ ಸತತವಾಗಿ ಮೂರು ಪಂದ್ಯ ಆಡಬೇಕಾದ ಸಂದರ್ಭಗಳು. ಆರು ತಿಂಗಳು ಮನೆಯಲ್ಲಿದ್ದು ಮೈ ಬಿಟ್ಟ ಆಟಗಾರರು ಏದುಸಿರು ಬಿಡುತ್ತ ಆಡಿದರು. ಒಂದು ತಂಡ ಪಂದ್ಯಕ್ಕೆ ಗಳಿಸಿದ ಸರಾಸರಿ 91.6 ಅಂಕ. ಇವತ್ತು 115ರ ಸುತ್ತಮುತ್ತ ನೋಡುವ ನಿಮಗೆ ಆ ಪಂದ್ಯಗಳನ್ನು ತೋರಿಸಿದರೆ ನಿಧಾನಗತಿಯ ಮರುಪ್ರಸಾರ ಎಂದುಕೊಳ್ಳುತ್ತೀರಿ. ಆ ವರ್ಷದ ಚಾಂಪಿಯನ್ ಸ್ಯಾನ್ ಆಂಟೋನಿಯೊ. ಅದು ಅರೆ ಋತುವಿನ ಗೆಲುವು, ಪಕ್ಕಕ್ಕೆ ನಕ್ಷತ್ರ ಚಿಹ್ನೆ ಹಾಕಬೇಕು ಎಂದು ತರಬೇತುದಾರ ಫಿಲ್ ಜಾಕ್ಸನ್ ಕುಟುಕಿದ್ದು ಇವತ್ತಿಗೂ ಆ ಊರಿನವರನ್ನು ಚುಚ್ಚುತ್ತದೆ. 2012ರ ಏಪ್ರಿಲ್ 28ರಂದು, ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಸುತ್ತಿನ ಮೊದಲ ದಿನವೇ, ಷಿಕಾಗೊದ ತಾರೆ ಡೆರಿಕ್ ರೋಸ್‌ನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಒತ್ತಿದ ವೇಳಾಪಟ್ಟಿಯೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಆದರೆ ಷಿಕಾಗೊದ ಜನ ಹಾಗೆ ಹೇಳಿದರೆ ನಾನು ವಾದಕ್ಕಿಳಿಯುವುದಿಲ್ಲ.

‘ಕೊರತೆ’ ಎಂಬ ಪದಕ್ಕೆ ನಿಜವಾದ ಅರ್ಥ ಬೇಕಿದ್ದರೆ ಸಿಯಾಟಲ್‌ಗೆ ಹೋಗಬೇಕು. ಅಲ್ಲಿ ಯಾರೂ ಬೀಗ ಹಾಕಲಿಲ್ಲ. 41 ವರ್ಷ ಊರಿನದಾಗಿದ್ದ, 1979ರಲ್ಲಿ ಪ್ರಶಸ್ತಿ ತಂದುಕೊಟ್ಟಿದ್ದ ಸೂಪರ್‌ಸಾನಿಕ್ಸ್ ತಂಡವನ್ನು 2008ರಲ್ಲಿ ಮಾಲೀಕರು ಒಕ್ಲಹೋಮ ಸಿಟಿಗೆ ಎತ್ತಿಕೊಂಡು ಹೋದರು. ಆ ಊರಿನವರಿಗೆ ಇಡೀ ಎನ್‌ಬಿಎ ಕಣ್ಣೆದುರಿಗೇ ನಡೆಯುತ್ತದೆ, ತಮ್ಮ ಹುಡುಗ ಡುರಾಂಟ್ ಬೇರೆ ಊರಿನ ಅಂಗಿ ತೊಟ್ಟು ಆಡಿದ್ದನ್ನೂ ನೋಡಿದರು. ಹಸುರು-ಹಳದಿ ಅಂಗಿಯನ್ನು ಅಲ್ಲಿ ಇವತ್ತಿಗೂ ತೊಡುತ್ತಾರೆ.

ಸಿಯಾಟಲ್ ನೆನಪಾದದ್ದಕ್ಕೆ ಕಾರಣವಿದೆ. ಊಟದ ಪಂಕ್ತಿಯಲ್ಲಿ ಯಾರ ಎಲೆಗೂ ಹೋಳಿಗೆ ಬೀಳದಿದ್ದರೆ ಹೋಳಿಗೆಯ ನೆನಪೇ ಬರುವುದಿಲ್ಲ. ಪಕ್ಕದವನ ಎಲೆಗೆ ಬಡಿಸಿ ನಿಮ್ಮ ಎಲೆ ಹಾರಿಸಿ ಹೋದಾಗ ಹೊಟ್ಟೆ ಉರಿಯುತ್ತದೆ. ಲಾಕೌಟಿನಲ್ಲಿ ಎಲ್ಲರ ಎಲೆಯೂ ಖಾಲಿ. ಆದ್ದರಿಂದಲೇ ಅಭಿಮಾನಿಯ ಸಿಟ್ಟಿಗೆ ಹತ್ತಿಕೊಳ್ಳಲು ಬೇಕಾದ ಕಿಡಿ ಅಲ್ಲಿ ಇರುವುದಿಲ್ಲ.

ಮಾಲೀಕರಿಗೆ ಇದು ಅಭಿಮಾನಿಗಳಿಗಿಂತ ಚೆನ್ನಾಗಿ ಗೊತ್ತು. 2011ರ ಅಕ್ಟೋಬರಿನಲ್ಲಿ, ಒಂದು ಪಂದ್ಯವೂ ಇಲ್ಲದ, ಋತು ನಡೆಯುತ್ತದೋ ಇಲ್ಲವೋ ಎಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ, ಹೂಡಿಕೆದಾರರ ಒಂದು ಗುಂಪು ಫಿಲಡೆಲ್ಫಿಯಾ ತಂಡವನ್ನು ಸುಮಾರು 28 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೀಗ ಹಾಕಿದ ಅಂಗಡಿಯನ್ನು ಕೊಳ್ಳುವವನು ಗಿರಾಕಿ ಎಲ್ಲಿಗೂ ಹೋಗಿಲ್ಲ ಎಂದು ಬಲ್ಲವನೇ ಇರಬೇಕು. 2025ರಲ್ಲಿ ಬಾಸ್ಟನ್ ತಂಡ ಮಾರಾಟವಾದದ್ದು 610 ಕೋಟಿ ಡಾಲರ್‌ಗೆ. ಮೈಕೆಲ್ ಜೋರ್ಡನ್ 1998ರಲ್ಲಿ ಆಟಗಾರನಾಗಿ ಮಾತುಕತೆಗೆ ಬಂದು, ನಷ್ಟವಾಗುತ್ತಿದ್ದರೆ ತಂಡ ಮಾರಿಬಿಡಿ ಎಂದು ವಾಷಿಂಗ್ಟನ್ ಮಾಲೀಕರ ಮುಖಕ್ಕೇ ಹೇಳಿದ್ದ. 2011ರಲ್ಲಿ ಅದೇ ಜೋರ್ಡನ್ ಷಾರ್ಲಟ್ ತಂಡದ ಮಾಲೀಕ, ಆಟಗಾರರಿಗೆ ಒಂದು ಕಾಸೂ ಹೆಚ್ಚು ಬಿಡಬಾರದು ಎನ್ನುವ ಗುಂಪಿನಲ್ಲಿ ಮುಂದಿನ ಸಾಲಿನವನು. ಅವನ ಬುದ್ಧಿ ಬದಲಾಗಿರಲಿಲ್ಲ, ಮೇಜಿನ ಬದಿ ಬದಲಾಗಿತ್ತು ಅಷ್ಟೆ.

ಅಂದಿನಿಂದ ಎನ್‌ಬಿಎಯಲ್ಲಿ ಬೀಗ ಬಿದ್ದಿಲ್ಲ. ಟಿವಿ ಹಣ ಅಷ್ಟು ಸುರಿಯುತ್ತಿರುವಾಗ (2024ರಲ್ಲಿ ಸಹಿಯಾದ ಒಪ್ಪಂದ 11 ವರ್ಷಕ್ಕೆ ಸುಮಾರು 7,600 ಕೋಟಿ ಡಾಲರ್) ಬಾಗಿಲು ಹಾಕಿ ಕೂರುವುದು ಎರಡೂ ಕಡೆಗೂ ಕಟ್ಟುವುದಿಲ್ಲ. ನೀವು ಹೇಳಿದ ಡಬ್ಲ್ಯುಎನ್‌ಬಿಎ ವಿಷಯ ಮಾತ್ರ ಬೇರೆ ಜಾಡಿನದು. ಇಂಡಿಯಾನಾಪೊಲಿಸ್‌ನ ಆ ಸಂಜೆ ಪಂದ್ಯ ಮುಗಿದು ನಫೀಸಾ ಕಾಲಿಯರ್‌ಗೆ ಪ್ರಶಸ್ತಿ ಕೊಡುತ್ತಿದ್ದಾಗ, ‘ಅವರಿಗೆ ಹಣ ಕೊಡಿ’ ಎಂದು ಕೂಗಿದ್ದು ಪ್ರೇಕ್ಷಕರೇ. 1998ರಲ್ಲಾಗಲೀ 2011ರಲ್ಲಾಗಲೀ ಇದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಕುಬೇರರ ಜಗಳದಲ್ಲಿ ನಮಗೇನು ಎಂದು ಜನ ಎರಡೂ ಕಡೆಗೆ ಮುಖ ತಿರುಗಿಸಿದ್ದರು. ಮುಂಚಿತವಾಗಿಯೇ ಒಂದು ಕಡೆ ನಿಂತ ಅಭಿಮಾನಿಗಳು ಬಾಗಿಲು ಹಾಕಿದರೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಹಳೆಯ ಅಂಕಿಗಳಲ್ಲಿ ಉತ್ತರ ಹುಡುಕಬೇಡಿ.

ಕೊನೆಗೆ ಮತ್ತೆ ಚಿಕ್ಕಪ್ಪನವರ ವಿಚಾರ. 2012ರ ಫೆಬ್ರುವರಿ 2, 3, 4. ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಲಾಕೌಟಿನ ಕೃಪೆಯಿಂದ ಮೂರು ರಾತ್ರಿ ಮೂರು ಪಂದ್ಯ. ಮೂರನೆಯ ರಾತ್ರಿಗೆ ತಂಡ ಸುಸ್ತು, ಗಾಯಾಳುಗಳು ಬೇರೆ. ಎರಡು ತಂಡಗಳು ಕೈಬಿಟ್ಟ ಜೆರೆಮಿ ಲಿನ್ ಎಂಬ ಹುಡುಗನನ್ನು ತರಬೇತುದಾರ ಅನಿವಾರ್ಯವಾಗಿ ಇಳಿಸಿದರು. ಲಿನ್ 25 ಅಂಕ ಹೊಡೆದ. ಎದುರಾಳಿ ಬೇರಾರೂ ಅಲ್ಲ, ನ್ಯೂಜೆರ್ಸಿ ನೆಟ್ಸ್. ಎರಡು ವಾರ ಇಡೀ ಅಮೆರಿಕ ಅವನ ಹೆಸರು ಜಪಿಸಿತು. ಆದರೆ ಆ ಹೊತ್ತಿಗೆ ನಿಕ್ಸ್ ಪಂದ್ಯ ತೋರಿಸುವ ಎಂಎಸ್‌ಜಿ ವಾಹಿನಿಗೂ ಟೈಮ್ ವಾರ್ನರ್ ಕೇಬಲ್‌ಗೂ ದರದ ಜಗಳ. ಹೊಸ ವರ್ಷದ ದಿನದಿಂದಲೇ ಲಕ್ಷಾಂತರ ಮನೆಗಳಲ್ಲಿ ಆ ವಾಹಿನಿ ಬಂದ್ ಆಗಿತ್ತು. ಜನವರಿಯಿಡೀ ಹೆಚ್ಚೇನೂ ಗದ್ದಲವಿರಲಿಲ್ಲ. ಲಿನ್ ಬಂದದ್ದೇ ತಡ, ಪಕ್ಕದ ಮನೆಯವರು ನೋಡುತ್ತಿದ್ದಾರೆ, ನಮ್ಮ ಟಿವಿಯಲ್ಲಿ ಇಲ್ಲ ಎಂದು ಊರೇ ಎದ್ದಿತು, ರಾಜ್ಯದ ಗವರ್ನರ್ ಮಧ್ಯಸ್ಥಿಕೆಗೆ ಬಂದರು, ಫೆಬ್ರುವರಿ 17ಕ್ಕೆ ಎರಡೂ ಕಂಪನಿಗಳು ರಾಜಿಯಾದವು. ಅದಕ್ಕೇ ಚಿಕ್ಕಪ್ಪನವರಿಗೆ ಲಾಕೌಟಿನ ಬಗ್ಗೆ ಕೇಳಬೇಡಿ. ಆ ಫೆಬ್ರುವರಿಯಲ್ಲಿ ಅವರ ಮನೆಗೆ ಯಾವ ಕೇಬಲ್ ಬರುತ್ತಿತ್ತು ಎಂದು ಕೇಳಿ ನೋಡಿ.